ಇಟಲಿಯ ಉತ್ತರ, ಇಟಲಿಯ ದಕ್ಷಿಣ

ಇಟಲಿ ಒಂದು ರಾಷ್ಟ್ರವಾದದ್ದು 1861ರಲ್ಲಿ. ಅದರ ಹಿಂದಿನ ವರ್ಷ ಗ್ಯಾರಿಬಾಲ್ಡಿ ಸುಮಾರು ಸಾವಿರ ಮಂದಿ ಸ್ವಯಂಸೇವಕರೊಡನೆ ಸಿಸಿಲಿಯ ಮರ್ಸಾಲಾ ಬಂದರಿನಲ್ಲಿ ಇಳಿದು, ಕೆಲವೇ ತಿಂಗಳಲ್ಲಿ ನೇಪಲ್ಸಿನ ಬೂರ್ಬನ್ ದೊರೆಗಳ ರಾಜ್ಯವನ್ನು ಗೆದ್ದಿದ್ದ. ಆ ರಾಜ್ಯ ಉತ್ತರದ ಪಿಯೆಡ್‌ಮಾಂಟ್ ಅರಸನ ಕೈ ಸೇರಿದಾಗ ನಕ್ಷೆಯ ಮೇಲೆ ದೇಶ ಒಂದಾಯಿತು. ಬದುಕು ಮಾತ್ರ ಎರಡಾಗಿಯೇ ಉಳಿಯಿತು. ಸ್ಥೂಲವಾಗಿ ರೋಮಿನ ದಕ್ಷಿಣಕ್ಕಿರುವ ನಾಡು, ಜೊತೆಗೆ ಸಿಸಿಲಿ ಮತ್ತು ಸಾರ್ಡಿನಿಯಾ ದ್ವೀಪಗಳು, ಇವಿಷ್ಟನ್ನೂ ಇಟಲಿಯವರು ಮೆಜ್ಜೊಜೋರ್ನೊ ಎಂದು ಕರೆಯುತ್ತಾರೆ. ದೇಶದ ಮೂರನೆಯ ಒಂದು ಪಾಲು ಜನ, ಎಂದರೆ ಸುಮಾರು 2 ಕೋಟಿ ಮಂದಿ, ಅಲ್ಲಿದ್ದಾರೆ. ಅಲ್ಲಿನ ತಲಾ ಉತ್ಪನ್ನ ಇಂದಿಗೂ ಉತ್ತರದ ಶೇ. 60ಕ್ಕಿಂತ ಕಡಿಮೆ.

ದಕ್ಷಿಣ ಮೊದಲಿನಿಂದಲೂ ಹಿಂದುಳಿದದ್ದು ಎಂಬ ಮಾತು ಪೂರ್ತಿ ನಿಜವಲ್ಲ. ಏಕೀಕರಣದ ಹೊತ್ತಿಗೆ ಇಟಲಿಯ ಅತಿ ದೊಡ್ಡ ನಗರ ನೇಪಲ್ಸ್. ಆ ನೆಲದ ಮೊದಲ ರೈಲು 1839ರಲ್ಲಿ ಓಡಿದ್ದೂ ನೇಪಲ್ಸಿನಿಂದ ಪೋರ್ಟಿಚಿಗೆ. ಆದರೆ ನಗರ ದಾಟಿದರೆ ಬೇರೆಯೇ ಲೋಕ. ಸಾವಿರಾರು ಎಕರೆ ಗೋಧಿ ಹೊಲಗಳ ಒಡೆಯರು ನೇಪಲ್ಸ್, ಪಲೆರ್ಮೊಗಳಲ್ಲಿ ವಾಸವಾಗಿದ್ದರು; ಹೊಲದಲ್ಲಿ ದುಡಿಯುವವರು ದಿನಗೂಲಿಗಳು. ತಗ್ಗಿನ ಬಯಲಿನಲ್ಲಿ ಮಲೇರಿಯಾ. ಹೀಗಾಗಿ ಕೂಲಿಕಾರರು ಗುಡ್ಡದ ನೆತ್ತಿಯ ಊರುಗಳಲ್ಲಿ ನೆಲೆಸಿ, ಬೆಳಗಿನ ಜಾವಕ್ಕೇ ಹೊರಟು, ಗಂಟೆಗಟ್ಟಲೆ ನಡೆದು ಕೆಲಸಕ್ಕೆ ಇಳಿಯುತ್ತಿದ್ದರು. ಆ ಕಾಲದ ಆದಾಯದ ಅಂತರ ಎಷ್ಟಿತ್ತೆಂಬುದರ ಬಗ್ಗೆ ಆರ್ಥಿಕ ಇತಿಹಾಸಕಾರರಲ್ಲಿ ಇನ್ನೂ ಜಗಳವಿದೆ. ಅಕ್ಷರದ ಅಂತರದ ಬಗ್ಗೆ ಇಲ್ಲ: ಪಿಯೆಡ್‌ಮಾಂಟಿನಲ್ಲಿ ಸರಿಸುಮಾರು ಅರ್ಧದಷ್ಟು ಜನ ಓದುಬರಹ ಬಲ್ಲವರಾಗಿದ್ದರೆ, ದಕ್ಷಿಣದಲ್ಲಿ ಹತ್ತರಲ್ಲಿ ಒಬ್ಬರೋ ಇಬ್ಬರೋ.

ಹೊಸ ಸರ್ಕಾರ ದಕ್ಷಿಣಕ್ಕೆ ಮೊದಲು ತಂದದ್ದು ತೆರಿಗೆ ಮತ್ತು ಕಡ್ಡಾಯ ಸೈನ್ಯಸೇವೆ. ಹರಾಜಾದ ಮಠಮಾನ್ಯಗಳ ಜಮೀನು ಬಹುಪಾಲು ಉಳ್ಳವರ ಕೈಗೇ ಹೋಯಿತು. ಸಿಟ್ಟೆದ್ದ ರೈತರೂ ಕೆಲಸ ಕಳೆದುಕೊಂಡ ಹಳೆಯ ಸೈನಿಕರೂ ಕಾಡು ಸೇರಿ ದಂಗೆಯೆದ್ದರು. 1863ರ ಪೀಕಾ ಕಾಯಿದೆ ಅವರನ್ನು ಡಕಾಯಿತರೆಂದು ಸೈನಿಕ ನ್ಯಾಯಾಲಯಕ್ಕೆ ಒಪ್ಪಿಸಿತು. ಇದಕ್ಕಿಂತ ಆಳವಾದ ಪೆಟ್ಟು 1887ರ ಆಮದು ಸುಂಕ. ಅದು ಉತ್ತರದ ಉಕ್ಕು ಮತ್ತು ಬಟ್ಟೆ ಗಿರಣಿಗಳನ್ನು ಕಾಪಾಡಿತು, ದಕ್ಷಿಣದ ಗೋಧಿಯ ಜಮೀನ್ದಾರರನ್ನೂ ಕಾಪಾಡಿತು. ಫ್ರಾನ್ಸ್ ತಿರುಗಿ ಸುಂಕ ಹೇರಿದಾಗ ಪುಲಿಯಾದ ದ್ರಾಕ್ಷಿ ಬೆಳೆಗಾರರ ಮದ್ಯಕ್ಕೆ ಕೊಳ್ಳುವವರಿಲ್ಲದಂತಾಯಿತು. ಗಿರಣಿಯ ಧಣಿಗೂ ಭೂಮಿಯ ಒಡೆಯನಿಗೂ ಆದ ಈ ಒಪ್ಪಂದದ ಬೆಲೆಯನ್ನು ತೆತ್ತವನು ಸಣ್ಣ ರೈತ. ಪಾಸ್ಕ್ವಾಲೆ ವಿಲ್ಲಾರಿ, ಜುಸ್ಟಿನೊ ಫೋರ್ಚುನಾಟೊ ಮೊದಲಾದ ಬರಹಗಾರರು ‘ದಕ್ಷಿಣದ ಪ್ರಶ್ನೆ’ಯನ್ನು ದೇಶದ ಮುಂದಿಟ್ಟರು, ಸಾರ್ಡಿನಿಯಾದಲ್ಲಿ ಹುಟ್ಟಿದ ಮಾರ್ಕ್ಸ್‌ವಾದಿ ಚಿಂತಕ ಗ್ರಾಮ್ಷಿ 1926ರಲ್ಲಿ ಇದೇ ವಿಷಯವಾಗಿ ಬರೆದ.

ಈ ಪ್ರಶ್ನೆಗೆ ದಕ್ಷಿಣದ ಬಡವರು ಉತ್ತರ ಕಂಡುಕೊಂಡದ್ದು ಹಡಗಿನಲ್ಲಿ. 1876ರಿಂದ 1915ರವರೆಗೆ ಸುಮಾರು 1.4 ಕೋಟಿ ಇಟಾಲಿಯನ್ನರು ದೇಶ ಬಿಟ್ಟರು. ಮೊದಮೊದಲು ಹೊರಟವರಲ್ಲಿ ವೆನೆಟೊದಂಥ ಉತ್ತರದ ಪ್ರಾಂತ್ಯದವರೇ ಹೆಚ್ಚು. ಇಪ್ಪತ್ತನೆಯ ಶತಮಾನ ಕಾಲಿಟ್ಟ ಮೇಲೆ ಕಲಾಬ್ರಿಯಾ, ಬಸಿಲಿಕಾಟಾ, ಸಿಸಿಲಿಗಳ ಹಳ್ಳಿಗಳು ನ್ಯೂಯಾರ್ಕಿಗೂ ಬ್ಯೂನಸ್ ಐರಿಸ್‌ಗೂ ಜನರನ್ನು ಕಳಿಸಿದವು. 1913 ಒಂದೇ ವರ್ಷ ಇಡೀ ದೇಶದಿಂದ 8.7 ಲಕ್ಷ ಮಂದಿ ಹೋದರು. ಅವರು ಕಳಿಸಿದ ಹಣದಿಂದ ಊರಲ್ಲಿ ಸಾಲ ತೀರಿತು, ಮನೆ ಎದ್ದಿತು. 1920ರ ದಶಕದಲ್ಲಿ ಅಮೆರಿಕ ಬಾಗಿಲು ಹಾಕಿಕೊಂಡಿತು.

ಮುಸೊಲಿನಿಯ ಸರ್ಕಾರ ಬಸಿಲಿಕಾಟಾದ ಹಳ್ಳಿಯೊಂದಕ್ಕೆ ಗಡೀಪಾರು ಮಾಡಿದ್ದ ಟ್ಯೂರಿನ್ನಿನ ಲೇಖಕ ಕಾರ್ಲೊ ಲೆವಿ ಅಲ್ಲಿ ಕಂಡದ್ದನ್ನು 1945ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಮಾಟೆರಾ ಪಟ್ಟಣದಲ್ಲಿ ಸಾವಿರಾರು ಜನ ಬಂಡೆ ಕೊರೆದ ಗುಹೆಗಳಲ್ಲಿ ದನಕರುಗಳೊಡನೆ ಬಾಳುತ್ತಿದ್ದುದು ದೇಶಕ್ಕೆಲ್ಲ ಗೊತ್ತಾಯಿತು. 1952ರ ಕಾನೂನು ಅವರಿಗೆ ಹೊಸ ಮನೆಗಳನ್ನು ಕೊಟ್ಟಿತು. 1950ರಲ್ಲಿ ಭೂಸುಧಾರಣೆಯೂ, ‘ಕಾಸ್ಸಾ ಪೆರ್ ಇಲ್ ಮೆಜ್ಜೊಜೋರ್ನೊ’ ಎಂಬ ದಕ್ಷಿಣಾಭಿವೃದ್ಧಿ ನಿಧಿಯೂ ಬಂದವು. ಅದರ ಮೊದಲ ವರ್ಷಗಳ ಕೆಲಸವನ್ನು ಮೆಚ್ಚಲೇಬೇಕು: ಕುಡಿಯುವ ನೀರು, ರಸ್ತೆ, ಅಣೆಕಟ್ಟು, ಕಾಲುವೆ. ಅಷ್ಟರಲ್ಲಿ ಮಲೇರಿಯಾವೂ ತೊಲಗಿತ್ತು. ಆಮೇಲೆ ದಾರಿ ಬದಲಾಯಿತು. ಟಾರಂಟೊದಲ್ಲಿ ಉಕ್ಕಿನ ಕಾರ್ಖಾನೆ, ಜೆಲಾದಲ್ಲಿ ಪೆಟ್ರೋಕೆಮಿಕಲ್ಸ್, ನೇಪಲ್ಸ್ ಹತ್ತಿರ ಆಲ್ಫಾಸುದ್ ಕಾರುಗಳು. ಇವುಗಳ ಸುತ್ತ ಸಣ್ಣ ಉದ್ಯಮ ಬೆಳೆಯಲಿಲ್ಲ. ‘ಮರಳುಗಾಡಿನ ಮಹಾಮಂದಿರ’ಗಳೆಂದು ಇಟಲಿಯವರೇ ಅವನ್ನು ಕರೆದರು. 1973ರ ತೈಲ ಬಿಕ್ಕಟ್ಟು ಬಂದಾಗ ಮೊದಲು ನಲುಗಿದ್ದು ಇಂಥ ಕೈಗಾರಿಕೆಗಳೇ. 1984ರಲ್ಲಿ ನಿಧಿಯನ್ನು ಮುಚ್ಚಲಾಯಿತು. ಆದರೂ ಒಂದೂವರೆ ಶತಮಾನದಲ್ಲಿ ಅಂತರ ನಿಜವಾಗಿ ಕುಗ್ಗಿದ್ದು ಐವತ್ತರ ದಶಕದಿಂದ ಎಪ್ಪತ್ತರ ದಶಕದ ಆರಂಭದವರೆಗೆ, ಈ ನಿಧಿಯ ಕಾಲದಲ್ಲೇ.

ಕುಗ್ಗಿದ ಅಂತರದ ಹಿಂದೆ ವಲಸೆಯೂ ಇತ್ತು. ಈ ಸಲ ಜನ ಏರಿದ್ದು ಉತ್ತರದ ರೈಲು. ಫಿಯಟ್ ಕಾರ್ಖಾನೆಯ ಟ್ಯೂರಿನ್ನಿನಲ್ಲಿ 1951ರಲ್ಲಿ ಸುಮಾರು 7.2 ಲಕ್ಷ ಜನರಿದ್ದರು, 1971ರಲ್ಲಿ 11.7 ಲಕ್ಷ. ದುಡಿಯಲು ಬೇಕಾದ ದಕ್ಷಿಣದವರಿಗೆ ಬಾಡಿಗೆ ಮನೆ ಕೊಡಲು ಅಲ್ಲಿನ ಅನೇಕರು ಒಪ್ಪಲಿಲ್ಲ, ಹಾಗೆಂದು ಬಾಗಿಲಿಗೆ ಬೋರ್ಡನ್ನೂ ಹಾಕಿದರು. ತೊಂಬತ್ತರ ದಶಕದಲ್ಲಿ ಇದೇ ಅಸಹನೆ ‘ಉತ್ತರದ ಲೀಗ್’ ಎಂಬ ಪಕ್ಷದ ಬಂಡವಾಳವಾಯಿತು. ನಮ್ಮ ತೆರಿಗೆ ದಕ್ಷಿಣಕ್ಕೇಕೆ ಎಂದು ಕೇಳಿದವರು ದಕ್ಷಿಣದ ಬೆವರು ಉತ್ತರಕ್ಕೆ ಹರಿದ ಲೆಕ್ಕವನ್ನು ಕೇಳಲಿಲ್ಲ.

ಹಿಂದೆಲ್ಲ ಎಷ್ಟು ಜನ ಹೋದರೂ ದಕ್ಷಿಣದ ತೊಟ್ಟಿಲುಗಳು ತುಂಬಿರುತ್ತಿದ್ದವು. ಈಗ ಹಾಗಿಲ್ಲ. 1964ರಲ್ಲಿ ಇಟಲಿಯಲ್ಲಿ 10 ಲಕ್ಷಕ್ಕೂ ಮೀರಿ ಮಕ್ಕಳು ಹುಟ್ಟಿದ್ದರು, 2023ರಲ್ಲಿ 3.8 ಲಕ್ಷವೂ ಇಲ್ಲ. ಸಾರ್ಡಿನಿಯಾದಲ್ಲಿ ಹೆಣ್ಣೊಬ್ಬಳಿಗೆ ಸರಾಸರಿ ಒಂದು ಮಗುವೂ ಇಲ್ಲ. ಇಂದು ಹೊರಡುವವರಲ್ಲಿ ಪದವೀಧರರೂ ಬಹಳ. ಸಿಸಿಲಿಯ ಸಾಂಬುಕಾ ಎಂಬ ಊರು 2019ರಲ್ಲಿ ಪಾಳುಬಿದ್ದ ಮನೆಗಳನ್ನು ಒಂದು ಯೂರೋ ಆರಂಭದ ಬೆಲೆಗೆ ಮಾರಾಟಕ್ಕಿಟ್ಟಿತ್ತು. ಕೋವಿಡ್ ನಂತರ ಐರೋಪ್ಯ ಒಕ್ಕೂಟ ಕೊಟ್ಟ ಚೇತರಿಕೆ ಹಣದಲ್ಲಿ ಕನಿಷ್ಠ ಶೇ. 40 ದಕ್ಷಿಣಕ್ಕೆ ಎಂದು ಇಟಲಿ 2021ರಲ್ಲಿ ನಿರ್ಧರಿಸಿತು. ಆ ಹಣ ಮತ್ತೆ ದೊಡ್ಡ ಕಟ್ಟಡಗಳಲ್ಲೇ ಕರಗಬಾರದು. ಶಿಶುವಿಹಾರ, ಶಾಲೆ, ಆಸ್ಪತ್ರೆ, ಓದಿದವರಿಗೆ ಊರಲ್ಲೇ ಕೆಲಸ, ಇವುಗಳಿಗೆ ಅದು ಮೊದಲು ಸಲ್ಲಬೇಕು.