ಪರದೇಶದ ವಿದ್ಯಾರ್ಥಿಯೂ ನಮ್ಮ ಮಕ್ಕಳ ಸೀಟೂ

(ಬಿನ್ನಿಪೇಟೆಯ ಸಭೆಯೊಂದರಲ್ಲಿ ಮಾಡಿದ ಭಾಷಣ)



ಹೊರದೇಶಗಳ ವಿದ್ಯಾರ್ಥಿಗಳನ್ನು ನಮ್ಮ ನಾಡಿಗೆ ಕರೆತರಲು ಸರ್ಕಾರದವರು ನಡೆಸಿರುವ ಪ್ರಯತ್ನದ ವಿಚಾರವಾಗಿ ಮಾತನಾಡಬೇಕೆಂದು ನನಗೆ ಹೇಳಿದ್ದಾರೆ. ಇದು ಕಾಲೇಜಿನವರ ವಿಷಯ, ನಮಗೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಆದರೆ ಟೀ ಅಂಗಡಿಯಲ್ಲಿ, ಕ್ಷೌರದಂಗಡಿಯಲ್ಲಿ ಒಂದು ಮಾತು ಓಡಾಡುತ್ತಿದೆ: "ಹೊರಗಿನವರು ಬಂದು ನಮ್ಮ ಹುಡುಗರ ಸೀಟು ತಿನ್ನುತ್ತಿದ್ದಾರೆ" ಎಂದು. ಈ ಮಾತು ನಿಜವೆ, ಸುಳ್ಳೆ? ಲೆಕ್ಕ ಹಾಕಿ ನೋಡೋಣ. ನಾನು ಮೇಷ್ಟ್ರಾಗಿದ್ದವನು; ಲೆಕ್ಕವಿಲ್ಲದ ಮಾತು ನನಗೆ ಒಗ್ಗುವುದಿಲ್ಲ.

೨೦೧೮ರ ಏಪ್ರಿಲ್ ತಿಂಗಳಲ್ಲಿ ದೆಹಲಿ ಸರ್ಕಾರ "ಸ್ಟಡಿ ಇನ್ ಇಂಡಿಯಾ" ಎಂಬ ಯೋಜನೆಯನ್ನು ಹೊರಡಿಸಿತು. ೨೦೨೩ರ ಹೊತ್ತಿಗೆ ಎರಡು ಲಕ್ಷ ಹೊರದೇಶದ ವಿದ್ಯಾರ್ಥಿಗಳನ್ನು ತರುವುದು ಅದರ ಗುರಿ. ಪ್ರಚಾರಕ್ಕೆಂದು ಎರಡು ವರ್ಷಕ್ಕೆ ೧೫೦ ಕೋಟಿ ರೂಪಾಯಿ. ಪ್ರತಿಭಾವಂತರಿಗೆ ಶುಲ್ಕದಲ್ಲಿ ರಿಯಾಯಿತಿ: ಮೊದಲ ಕಾಲು ಭಾಗದವರಿಗೆ ಪೂರ್ತಿ ಮಾಫಿ, ಎರಡನೆಯ ಕಾಲು ಭಾಗಕ್ಕೆ ಅರ್ಧ, ಮೂರನೆಯದಕ್ಕೆ ಕಾಲು. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಈ ಮಾಫಿಯ ಹಣ ಯಾರ ಜೇಬಿನಿಂದ ಬರಬೇಕು? ಇದಕ್ಕೆ ಸರ್ಕಾರ ಬೇರೆ ಹಣ ಕೊಡುವುದಿಲ್ಲ, ವಿದ್ಯಾಸಂಸ್ಥೆಯೇ ಒಬ್ಬರ ಶುಲ್ಕದಿಂದ ಇನ್ನೊಬ್ಬರದನ್ನು ಸರಿದೂಗಿಸಿಕೊಳ್ಳತಕ್ಕದ್ದು ಎಂದು ಸರ್ಕಾರವೇ ಹೇಳಿತು. ಡಂಗುರ ಸಾರುವವನಿಗೆ ಕೂಲಿ ಉಂಟು, ಅಡಿಗೆಯವನಿಗೆ ಅಕ್ಕಿ ಇಲ್ಲ!

ಫಲವೇನಾಯಿತು? ಸರ್ಕಾರದ್ದೇ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ೨೦೧೯-೨೦ರಲ್ಲಿ ಇಡೀ ದೇಶದಲ್ಲಿದ್ದ ಹೊರದೇಶದ ವಿದ್ಯಾರ್ಥಿಗಳು ೪೯,೩೪೮. ೨೦೨೧-೨೨ರಲ್ಲಿ ಅದು ೪೬,೮೭೮ಕ್ಕೆ ಇಳಿಯಿತು. ನಡುವೆ ಕೊರೋನಾ ಬಂತು, ಒಪ್ಪೋಣ. ಆದರೂ ಎರಡು ಲಕ್ಷಕ್ಕೂ ಇದಕ್ಕೂ ಇರುವ ಅಂತರವನ್ನೆಲ್ಲ ರೋಗದ ತಲೆಗೆ ಕಟ್ಟಲಾಗದು. ಇತ್ತ ನಮ್ಮ ದೇಶದಿಂದ ಹೊರಗೆ ಓದಲು ಹೋದವರು ೨೦೨೪ರಲ್ಲಿ ೧೩ ಲಕ್ಷಕ್ಕೂ ಮೇಲೆ.

೨೦೧೯-೨೦ರಲ್ಲಿ ಬಂದಿದ್ದವರ ಪೈಕಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ನಮ್ಮ ಕರ್ನಾಟಕದಲ್ಲಿದ್ದರು. ಯಾವ ರಾಜ್ಯದಲ್ಲಿಯೂ ಅಷ್ಟಿರಲಿಲ್ಲ. ಇವರು ಯಾರು? ಅಮೆರಿಕದ ಸಾಹುಕಾರರ ಮಕ್ಕಳೆ? ದೇಶದ ಲೆಕ್ಕದಲ್ಲಿ ನೂರಕ್ಕೆ ಇಪ್ಪತ್ತೆಂಟು ಮಂದಿ ನೇಪಾಳದವರು. ಆಮೇಲೆ ಆಫ್ಘಾನಿಸ್ತಾನ, ಬಾಂಗ್ಲಾದೇಶ, ಭೂತಾನ, ಸೂಡಾನ್. ನೈಜೀರಿಯ, ಯೆಮನ್, ತಾಂಜಾನಿಯದವರೂ ಉಂಟು. ಉಳ್ಳವರ ಮಕ್ಕಳು ಕೆಲವರಿರಬಹುದು. ಆದರೆ ಬಹುಪಾಲು ನಮ್ಮಂತೆಯೇ ಬಡ ದೇಶಗಳಿಂದ, ಯುದ್ಧದ ಬೆಂಕಿ ಬಿದ್ದ ದೇಶಗಳಿಂದ ಬಂದವರು.

ಇನ್ನು ಸೀಟಿನ ಮಾತು. ವಿಶ್ವವಿದ್ಯಾಲಯ ಧನಸಹಾಯ ಆಯೋಗ ೨೦೨೨ರಲ್ಲಿ ಹೊರಡಿಸಿದ ನಿಯಮದಂತೆ ಹೊರದೇಶದವರಿಗೆ ನೂರಕ್ಕೆ ೨೫ರವರೆಗೆ ಸೀಟು ಕೊಡಬಹುದು. ಆದರೆ ಮಂಜೂರಾದ ಸೀಟುಗಳ ಒಳಗಿನಿಂದಲ್ಲ, ಅವುಗಳ ಮೇಲೆ ಹೆಚ್ಚುವರಿಯಾಗಿ. ಅಂದರೆ ನಿಮ್ಮ ಮಗನ ಹೆಸರು ಹೊಡೆದು ನೇಪಾಳದ ಹುಡುಗನ ಹೆಸರು ಬರೆಯುವ ಹಾಗಿಲ್ಲ. ಹಾಗೆಂದು ಇದರಲ್ಲಿ ಕುಂದೇ ಇಲ್ಲವೆಂದಲ್ಲ. ಸೀಟು ಕಾಗದದ ಮೇಲೆ ಹೆಚ್ಚುತ್ತದೆ, ಮೇಷ್ಟ್ರು ಹೆಚ್ಚುವುದಿಲ್ಲ. ನಲವತ್ತು ಮಕ್ಕಳ ಕೋಣೆಗೆ ಐವತ್ತು ಮಕ್ಕಳನ್ನು ಕೂರಿಸಿದರೆ ಏನಾಗುತ್ತದೆಂಬುದು ಪಾಠ ಮಾಡಿದವನಿಗೆ ಗೊತ್ತು. ಜಗಳವಾಡಬೇಕಾದದ್ದು ಅಲ್ಲಿ, ಆ ಹುಡುಗನ ಹತ್ತಿರ ಅಲ್ಲ.

ಹಾಗಾದರೆ ನಮ್ಮ ಮಕ್ಕಳ ಸೀಟು ಕಸಿದದ್ದು ಯಾವುದು? ಹಳೆಯ ಕಥೆ ಸ್ವಲ್ಪ ಕೇಳಿ. ಕ್ಯಾಪಿಟೇಶನ್ ಶುಲ್ಕ ಕೂಡದೆಂದು ಕರ್ನಾಟಕದಲ್ಲಿ ೧೯೮೪ರಲ್ಲಿಯೇ ಕಾಯಿದೆ ಬಂತು. ಆ ಕಾಯಿದೆಯ ಆಸರೆಯಲ್ಲಿಯೇ ಸರ್ಕಾರ ಖಾಸಗಿ ವೈದ್ಯಕೀಯ ಕಾಲೇಜುಗಳಿಗೆ ದರ ಗೊತ್ತುಮಾಡಿತು: ಸರ್ಕಾರಿ ಸೀಟಿಗೆ ವರ್ಷಕ್ಕೆ ಎರಡು ಸಾವಿರ, ಬೇರೆ ಸೀಟಿಗೆ ಕನ್ನಡ ನಾಡಿನವರಾದರೆ ೨೫,೦೦೦ದವರೆಗೆ, ಹೊರ ರಾಜ್ಯದವರಾದರೆ ೬೦,೦೦೦ದವರೆಗೆ. ಮೀರತ್ತಿನ ಹುಡುಗಿಯೊಬ್ಬಳು ಈ ಅರವತ್ತು ಸಾವಿರ ಕೊಡಲಾರದೆ ಸುಪ್ರೀಂ ಕೋರ್ಟಿಗೆ ಹೋದಳು. ಅದು ಮೋಹಿನಿ ಜೈನ್ ಮೊಕದ್ದಮೆ. ಇದು ಬೇರೆ ಹೆಸರಿನ ಕ್ಯಾಪಿಟೇಶನ್ ಶುಲ್ಕವೇ ಎಂದು ೧೯೯೨ರಲ್ಲಿ ಕೋರ್ಟು ಹೇಳಿತು. ಮುಂದಿನ ವರ್ಷವೇ ಬೇರೊಂದು ತೀರ್ಪು ಬಂದು ಹೆಚ್ಚು ಶುಲ್ಕದ ಸೀಟಿಗೆ ಮತ್ತೆ ದಾರಿಯಾಯಿತು. ೨೦೦೫ರಲ್ಲಿ ಇನಾಮದಾರ್ ಮೊಕದ್ದಮೆಯಲ್ಲಿ, ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳು ನೂರಕ್ಕೆ ೧೫ರವರೆಗೆ ಸೀಟುಗಳನ್ನು ಅನಿವಾಸಿ ಭಾರತೀಯರಿಗೆ ಇಟ್ಟುಕೊಳ್ಳಬಹುದೆಂದಾಯಿತು. ಈ ಹದಿನೈದು ಹೆಚ್ಚುವರಿಯಲ್ಲ, ಇದ್ದ ನೂರರಲ್ಲಿಯೇ! ಅಲ್ಲಿ ಕೂರುವವನು ಸೂಡಾನಿನವನಲ್ಲ; ನಮ್ಮವನೇ, ಆದರೆ ಹಣವಂತನ ಮಗ.

ಆ ತೀರ್ಪಿನಲ್ಲಿ ಇನ್ನೊಂದು ಮಾತಿದೆ, ಇದನ್ನು ಮನಸ್ಸಿಟ್ಟು ಕೇಳಿ. ಹೀಗೆ ಅನಿವಾಸಿಗಳಿಂದ ವಸೂಲಾಗುವ ಹಣವನ್ನು ಬಡ ವಿದ್ಯಾರ್ಥಿಗಳಿಗೆ ನೆರವಾಗುವಂತೆ ಬಳಸಬೇಕೆಂದು ಕೋರ್ಟು ಹೇಳಿದೆ. ನಿಮ್ಮಲ್ಲಿ ಯಾರ ಮಗನಿಗಾದರೂ, ಮಗಳಿಗಾದರೂ ಆ ಹಣದಿಂದ ಒಂದು ರೂಪಾಯಿ ಶುಲ್ಕ ಕಡಿಮೆಯಾಗಿದೆಯೆ? ಕೈ ಎತ್ತಿ ನೋಡೋಣ. ಒಂದು ಕೈಯೂ ಏಳಲಿಲ್ಲ.

ಈ ಶುಲ್ಕದ ಗೋಡೆ ನಮ್ಮ ಮಕ್ಕಳನ್ನು ಎಲ್ಲಿಗೆ ತಳ್ಳುತ್ತದೆಂಬುದನ್ನು ೨೦೨೨ರ ಮಾರ್ಚ್ ೧ರಂದು ಕಂಡೆವು. ಹಾವೇರಿ ಜಿಲ್ಲೆಯ ಚಳಗೇರಿಯ ಹುಡುಗ, ಯುಕ್ರೇನಿನ ಖಾರ್ಕಿವ್ ನಗರದಲ್ಲಿ ವೈದ್ಯಕೀಯ ಓದುತ್ತಿದ್ದವನು, ಯುದ್ಧದಲ್ಲಿ ಮಡಿದ. ಪಿಯುಸಿಯಲ್ಲಿ ನೂರಕ್ಕೆ ೯೭ ಅಂಕ ಬಂದರೂ ಇಲ್ಲಿ ಸೀಟಿಗೆ ಹಣ ಹೊಂದಿಸಲಾಗಲಿಲ್ಲವೆಂದು ಅವನ ತಂದೆ ಆ ದುಃಖದಲ್ಲಿಯೇ ಹೇಳಿದರು. ಆ ಊರಿನಲ್ಲಿ ಅವನು ಯಾರು? ಹೊರದೇಶದ ವಿದ್ಯಾರ್ಥಿ. ಅಲ್ಲಿಯವರು ಅವನಿಗೆ ಮನೆ ಕೊಟ್ಟಿದ್ದರು, ಅಂಗಡಿಯವರು ಸಾಮಾನು ಕೊಟ್ಟಿದ್ದರು.

ಡಾಕ್ಟರ್ ಲೋಹಿಯಾ ಅವರೂ ಹೀಗೆಯೇ ಬರ್ಲಿನ್ನಿಗೆ ಹೋಗಿ ಓದಿದವರು. ಉಪ್ಪಿನ ತೆರಿಗೆಯ ಮೇಲೆ ಪ್ರಬಂಧ ಬರೆದು ೧೯೩೩ರಲ್ಲಿ, ಹಿಟ್ಲರನ ಕಾಲ ಶುರುವಾದಾಗ, ದೇಶಕ್ಕೆ ಹಿಂತಿರುಗಿದರು. ೧೯೬೪ರ ಮೇ ತಿಂಗಳಲ್ಲಿ ಅಮೆರಿಕದ ಜಾಕ್ಸನ್ ನಗರದಲ್ಲಿ ಬಿಳಿಯರಿಗೆ ಮಾತ್ರ ಎಂದಿದ್ದ ಹೋಟೆಲಿಗೆ ಕಾಲಿಡಲು ಹೋಗಿ ಅವರು ಬಂಧನಕ್ಕೊಳಗಾದರು. ನಾವು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ನಮ್ಮ ಊರಿನಲ್ಲಿ ಏನಾಯಿತೆಂಬುದನ್ನೂ ಹೇಳಬೇಕಲ್ಲವೆ?

೨೦೧೬ರ ಜನವರಿ ೩೧ರ ರಾತ್ರಿ, ಬೆಂಗಳೂರಿನ ಹೆಸರಘಟ್ಟದ ಕಡೆ, ಸೂಡಾನ್ ವಿದ್ಯಾರ್ಥಿಯೊಬ್ಬನ ಕಾರು ಹರಿದು ಸ್ಥಳೀಯ ಹೆಣ್ಣುಮಗಳೊಬ್ಬಳು ಸತ್ತಳು. ಘೋರವಾದದ್ದೇ. ಆದರೆ ಸ್ವಲ್ಪ ಹೊತ್ತಿನ ಮೇಲೆ ಬೇರೊಂದು ಕಾರಿನಲ್ಲಿ ಅದೇ ದಾರಿಗೆ ಬಂದ ತಾಂಜಾನಿಯದ ವಿದ್ಯಾರ್ಥಿನಿಗೂ ಆ ಅಪಘಾತಕ್ಕೂ ಏನು ಸಂಬಂಧ? ಗುಂಪು ಅವಳನ್ನು ಹೊಡೆದು ಬಟ್ಟೆ ಹರಿದು ಕಾರಿಗೆ ಬೆಂಕಿ ಇಟ್ಟಿತು. ಬಸ್ಸು ಹತ್ತಿ ತಪ್ಪಿಸಿಕೊಳ್ಳಲು ಹೋದವಳನ್ನು ಒಳಗಿದ್ದವರು ಕೆಳಕ್ಕೆ ತಳ್ಳಿದರು. ಸೂಡಾನ್ ಯಾವುದು, ತಾಂಜಾನಿಯ ಯಾವುದು ಎಂದು ಯಾರೂ ಕೇಳಲಿಲ್ಲ. ಮೈಬಣ್ಣ ಒಂದನ್ನೇ ನೋಡಿದರು. ಇದಾದ ಎರಡು ವರ್ಷಕ್ಕೆ ೧೫೦ ಕೋಟಿಯ ಜಾಹೀರಾತು! ಆ ಹುಡುಗಿ ಊರಿಗೆ ಬರೆದ ಒಂದು ಕಾಗದದ ಮುಂದೆ ಅಷ್ಟೂ ಕೋಟಿ ನಿಲ್ಲುವುದೆ?

ನಮ್ಮ ರಾಜ್ಯ ಸರ್ಕಾರದವರೂ ಸುಮ್ಮನೆ ಕೂತಿಲ್ಲ. ೨೦೨೪ರ ಸೆಪ್ಟೆಂಬರಿನಲ್ಲಿ ದೊಡ್ಡಬಳ್ಳಾಪುರಕ್ಕೂ ದಾಬಸ್‌ಪೇಟೆಗೂ ನಡುವೆ ೫,೮೦೦ ಎಕರೆಯಲ್ಲಿ ವಿದ್ಯಾನಗರಿ ಕಟ್ಟಿ ಹೊರದೇಶದ ವಿಶ್ವವಿದ್ಯಾಲಯಗಳನ್ನು ಕರೆಯುತ್ತೇವೆಂದು ಸಾರಿದರು. ಆ ಎಕರೆಗಳ ರೈತರ ಮಾತು ಇನ್ನೊಂದು ಸಭೆಗೆ ಇರಲಿ. ಕಟ್ಟಡ ಏಳುವವರೆಗೂ, ಎದ್ದ ಮೇಲೂ, ಹೊರಗಿನಿಂದ ಬಂದ ಹುಡುಗ ಮಲಗುವುದು ನಮ್ಮ ನಿಮ್ಮ ಮಹಡಿಯ ಕೋಣೆಯಲ್ಲಿ, ಉಣ್ಣುವುದು ನಮ್ಮ ಮೆಸ್ಸಿನಲ್ಲಿ.

ಆದ್ದರಿಂದ ವರ್ತಕ ಬಂಧುಗಳಿಗೂ ಮನೆ ಮಾಲೀಕರಿಗೂ ಬಿಚ್ಚಿ ಹೇಳುತ್ತೇನೆ, ಸಿಟ್ಟಾಗಬೇಡಿ. ಊರಿನವನಿಗೆ ಒಂದು ಬಾಡಿಗೆ, ಆಫ್ರಿಕದವನಿಗೆ ಇನ್ನೊಂದು. ಹತ್ತು ತಿಂಗಳ ಮುಂಗಡ ತೆಗೆದುಕೊಂಡು, ಬಿಡುವಾಗ ಸುಣ್ಣ ಬಣ್ಣವೆಂದು ಅರ್ಧ ಹಿಡಿದುಕೊಳ್ಳುವುದು. ರಸೀದಿ ಕೇಳಿದರೆ ಪೊಲೀಸರ ಹೆಸರು ಹೇಳುವುದು. ಇದು ಕಾಲೇಜಿನ ದಣಿಗಳು ನಮ್ಮ ಮಕ್ಕಳಿಗೆ ಮಾಡಿದ್ದನ್ನೇ ನಾವು ಇನ್ನೊಬ್ಬರ ಮಕ್ಕಳಿಗೆ ಮಾಡಿದಂತೆ. ಈ ಪೇಟೆಯನ್ನೇ ನೋಡಿ. ೧೮೮೪ರಲ್ಲಿ ಹುಟ್ಟಿದ ಮಿಲ್ಲನ್ನು ಬಿನ್ನಿ ಕಂಪನಿ ವಹಿಸಿಕೊಂಡ ಮೇಲೆ ಆ ಹೆಸರೇ ಊರಿಗೆ ನಿಂತಿತು. ತಮಿಳು ಸೀಮೆಯಿಂದ, ತೆಲುಗು ಸೀಮೆಯಿಂದ ಗಂಟು ಹೊತ್ತು ಬಂದವರಿಂದಲೇ ಇಲ್ಲಿನ ಬೀದಿಗಳು ತುಂಬಿದವು. ಮಿಲ್ಲು ಹೋಗಿ ಆ ಜಾಗದಲ್ಲಿ ಮಹಡಿಮನೆಗಳೂ ಮಾಲೂ ಎದ್ದಿವೆ. ಬಂದವರ ಮಕ್ಕಳು ಮೊಮ್ಮಕ್ಕಳು ಇಲ್ಲಿಯವರೇ ಆಗಿ ಈ ಸಭೆಯಲ್ಲಿ ಕೂತಿದ್ದೀರಿ.

ಸರ್ಕಾರದ ಮುಂದೆ ನಾವು ಇಡಬೇಕಾದ ಕೇಳಿಕೆಗಳು ಹೆಚ್ಚಿಲ್ಲ. ಪ್ರತಿ ಕಾಲೇಜೂ ಎಲ್ಲ ಬಗೆಯ ಶುಲ್ಕವನ್ನು ಬಾಗಿಲಲ್ಲಿ ಬರೆದು ಹಾಕಲಿ. ಅನಿವಾಸಿ ಸೀಟಿನಿಂದ ಬಂದ ಹಣದ ಲೆಕ್ಕವನ್ನು ವರ್ಷ ವರ್ಷ ಪ್ರಕಟಿಸಲಿ. ಹೊರಗಿನಿಂದ ಎಷ್ಟು ಮಂದಿಯನ್ನು ಸೇರಿಸಿಕೊಳ್ಳುತ್ತಾರೋ ಅಷ್ಟು ಮಂದಿಗೆ ಹಾಸ್ಟೆಲನ್ನೂ ಮೇಷ್ಟ್ರನ್ನೂ ಮೊದಲು ತೋರಿಸಿ, ಆಮೇಲೆ ಸೇರಿಸಲಿ.

ಕೋಣೆ ಬಾಡಿಗೆಗೆ ಕೊಡುವವರು ಸಭೆ ಮುಗಿದ ಮೇಲೆ ಸ್ವಲ್ಪ ನಿಲ್ಲಿ. ೨೦೨೫ರ ಹೊಸ ಕಾಯಿದೆಯಂತೆ ಹೊರದೇಶದವರಿಗೆ ತಂಗಲು ಜಾಗ ಕೊಟ್ಟವರು ಅವರ ವಿವರವನ್ನು ನೋಂದಣಿ ಅಧಿಕಾರಿಗೆ ತಿಳಿಸಬೇಕು. ಅದಕ್ಕೆ ಹೆದರಿ ಮನೆ ಇಲ್ಲವೆನ್ನಬೇಕಾಗಿಲ್ಲ. ಅರ್ಜಿ ತುಂಬುವುದನ್ನು ನಾನೇ ಕೂತು ತೋರಿಸಿಕೊಡುತ್ತೇನೆ. ಬಾಡಿಗೆ ಕರಾರಿನ ನಮೂನೆಯನ್ನೂ ಕನ್ನಡದಲ್ಲಿ ಬರೆಸಿ ತಂದಿದ್ದೇನೆ.