ಕುಟುಂಬದ ಬಲವೇ ಜೇನಿಗೆ ಮದ್ದು



1976ರಲ್ಲಿ ಥಾಯ್ಲೆಂಡಿನಲ್ಲಿ ಕಾಣಿಸಿಕೊಂಡ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗವು 1991–92ರಲ್ಲಿ ದಕ್ಷಿಣ ಭಾರತವನ್ನು ಹೊಕ್ಕಿತು. ಕೊಡಗು, ದಕ್ಷಿಣ ಕನ್ನಡ, ಮಲೆನಾಡುಗಳಲ್ಲಿ ತುಡುವೆಜೇನಿನ ಪೆಟ್ಟಿಗೆಗಳು ಬರಿದಾದವು. ಸುಮಾರು ಶೇಕಡ 90ರಷ್ಟು ಕುಟುಂಬಗಳು ಅಳಿದವು.

ಈ ರೋಗ ತಗುಲುವುದು ಮರಿಹುಳುಗಳಿಗೆ. ಕೋಶದೊಳಗೆ ತಲೆಯೆತ್ತಿ ಸತ್ತ ಮರಿಯನ್ನು ಕಡ್ಡಿಯಿಂದ ಮೇಲೆತ್ತಿದರೆ ನೀರು ತುಂಬಿದ ಚೀಲದಂತೆ ಬರುತ್ತದೆ. ಇದಕ್ಕೆ ಔಷಧವಿಲ್ಲ. ಸಕ್ಕರೆ ಪಾಕದಲ್ಲಿ ಆಂಟಿಬಯಾಟಿಕ್ ಬೆರೆಸಿ ಉಣಿಸಿದರೆ ಜೇನುತುಪ್ಪ ಕಲುಷಿತವಾದೀತೇ ವಿನಾ ರೋಗ ವಾಸಿಯಾಗದು.

ಹಾಗಾದರೆ ದಾರಿ ಯಾವುದು? ಆ ಮಹಾಮಾರಿಯಲ್ಲೂ ಕೆಲವು ಕುಟುಂಬಗಳು ಬದುಕುಳಿದವು. ಇಂದಿನ ನಮ್ಮ ತುಡುವೆಗಳು ಅವುಗಳ ಸಂತತಿ. ಆದ್ದರಿಂದ ಕುಟುಂಬವನ್ನು ವಿಭಜಿಸುವಾಗ ತುಪ್ಪದ ಪ್ರಮಾಣವನ್ನಷ್ಟೇ ನೋಡದೆ, ರೋಗವನ್ನು ತಾಳಿ ನಿಂತದ್ದನ್ನು ಆರಿಸಿರಿ. ರೋಗ ಕಂಡ ಪೆಟ್ಟಿಗೆಯನ್ನು ಊರಿಂದೂರಿಗೆ ಸಾಗಿಸದಿರಿ. ಅದರ ಎರಿಯನ್ನು ಬೇರೆ ಕುಟುಂಬಕ್ಕೆ ಕೊಡದಿರಿ.

ಮಳೆಗಾಲದಲ್ಲಿ ನೊಣಗಳ ಸಂಖ್ಯೆ ಕುಗ್ಗಿದಾಗ ಅವು ಕಾಯಲಾರದ ಎರಿಗಳಿಗೆ ಮೇಣದ ಪತಂಗ ಮುತ್ತುತ್ತದೆ. ಅಂಥ ಎರಿಗಳನ್ನು ತೆಗೆಯಿರಿ, ಅಡಿಹಲಗೆಯ ಕಸ ಗುಡಿಸಿರಿ, ಇರುವೆ ಏರದಂತೆ ಕಂಬದ ಬುಡದಲ್ಲಿ ನೀರು ನಿಲ್ಲಿಸಿರಿ. ಎಲ್ಲಕ್ಕಿಂತ ಮಿಗಿಲಾಗಿ, ಮಳೆಗಾಲಕ್ಕೆಂದು ಅವುಗಳ ಪಾಲಿನ ತುಪ್ಪವನ್ನು ಉಳಿಸಿರಿ. ಹಸಿದ ಕುಟುಂಬ ಯಾವ ಶತ್ರುವನ್ನೂ ಎದುರಿಸಲಾರದು.

ಕಾಡಿನ ಪೊಟರೆಗಳಲ್ಲಿ ತಾವಾಗಿ ಬದುಕಿರುವ ತುಡುವೆಗಳೇ ನಮ್ಮ ಬೀಜಭಂಡಾರ. ಪೊಟರೆಯುಳ್ಳ ಹಳೆಯ ಮರವನ್ನು ಉರುಳಿಸಿದರೆ, ಮುಂದಿನ ರೋಗವನ್ನು ಗೆಲ್ಲಬಲ್ಲ ತಳಿಯನ್ನೂ ಕಳೆದುಕೊಳ್ಳಬಹುದು. ಆ ಮರಗಳನ್ನು ಕಾಯುವುದೂ ಜೇನುಸಾಕಣೆಯೇ.