ಜೋಳಿಗೆ ಯಾರ ಹೆಗಲ ಮೇಲಿರಬೇಕು?

(ಭಾತಂಬ್ರಾದ ಅನುಭವಗೋಷ್ಠಿಯಲ್ಲಿ ನಿವೃತ್ತ ಸರಕಾರಿ ಇಂಜಿನಿಯರೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)

  

ನಾನು ಪ್ರವಚನ ಹೇಳುವವನಲ್ಲ. ಮೂವತ್ತೆರಡು ವರ್ಷ ಸರಕಾರಿ ನೌಕರಿಯಲ್ಲಿ ಕಾಲುವೆ, ತೂಬು, ಎಸ್ಟಿಮೇಟು ಎಂದು ಓಡಾಡಿದವನು. ನಿವೃತ್ತಿಯಾದ ಮೇಲೆ ನಮ್ಮ ತಾಲ್ಲೂಕಿನ ಮಕ್ಕಳಿಗೆ ಆನ್‌ಲೈನ್ ಮೂಲಕ ಓದಿನ ಖರ್ಚಿಗೆ ದಾನಿಗಳನ್ನು ಹುಡುಕಿಕೊಡುವ ಕೆಲಸಕ್ಕೆ ಕೈ ಹಾಕಿದೆ. ಅದರ ಬಗ್ಗೆ ಮಾತಾಡಿ ಎಂದು ಅಪ್ಪಗಳು ಅಪ್ಪಣೆ ಕೊಡಿಸಿದ್ದಾರೆ. ಮಾಡಿದ ಒಳ್ಳೆಯ ಕೆಲಸ ಹೇಳುವ ಮೊದಲು ಮಾಡಿದ ತಪ್ಪು ಹೇಳುತ್ತೇನೆ. ಅದರಿಂದಲೇ ಉಳಿದದ್ದನ್ನು ಕಲಿತೆ.

ಆರು ವರ್ಷದ ಹಿಂದಿನ ಮಾತು. ಭಾಲ್ಕಿ ತಾಲ್ಲೂಕಿನ ಒಂದು ಹಳ್ಳಿಯ ಹುಡುಗಿಗೆ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿತು. 371(ಜೆ) ಪ್ರಮಾಣಪತ್ರದ ಬಲದಿಂದ ಸಿಕ್ಕ ಸೀಟು. ಸಂವಿಧಾನದ ಈ ತಿದ್ದುಪಡಿ ನಮ್ಮ ಭಾಗದ ಮಕ್ಕಳಿಗೆ ರಾಜ್ಯದ ಬೇರೆ ಕಡೆಯ ಕಾಲೇಜುಗಳ ಬಾಗಿಲನ್ನೂ ತೆರೆಯಿತು, ನಿಜ. ಆದರೆ ಬಾಗಿಲು ತೆರೆದರೆ ಸಾಲದು, ಒಳಗೆ ಹೋಗಲು ಫೀ ಕಟ್ಟಬೇಕಲ್ಲ. ತಂದೆಗೆ ನಾಲ್ಕು ಎಕರೆ ಒಣಬೇಸಾಯ. ಆ ವರ್ಷ ಸೋಯಾ ಮಳೆಗೆ ಹೋಗಿತ್ತು, ತೊಗರಿ ಅಷ್ಟಕ್ಕಷ್ಟೇ.

ನಾನು ಇಂಜಿನಿಯರು, ಲೆಕ್ಕ ಹಾಕಿದೆ. ಕಾಲೇಜು ಶುಲ್ಕ 1,04,000 ರೂಪಾಯಿ. ಹಾಸ್ಟೆಲು, ಊಟ 78,000. ಪುಸ್ತಕ, ಪರೀಕ್ಷೆ, ಬಸ್ಸು 14,000. ಒಟ್ಟು 1,96,000. ತಂದೆ 60,000 ಹೊಂದಿಸಿದ, ಸೋದರಮಾವ 24,000 ಕೊಟ್ಟ. ಉಳಿದದ್ದು 1,12,000. ಇಲ್ಲಿಯವರೆಗೆ ಸರಿ ಇತ್ತು.

ಮುಂದೆ ಒಂದು ಮನವಿ ಬರೆದೆ. ಅದರಲ್ಲಿ ಹುಡುಗಿಯ ಹೆಸರು, ಊರು, ಫೋಟೋ, ತಂದೆಯ ಸಾಲ ಎಷ್ಟು, ತಾಯಿಯ ಕಾಯಿಲೆ ಯಾವುದು ಎಲ್ಲ ಇತ್ತು. ಸೋರುವ ತಗಡಿನ ಕೆಳಗೆ ಅವಳನ್ನು ನಿಲ್ಲಿಸಿ ನಾನೇ ಫೋಟೋ ತೆಗೆದೆ. ಕೆಳಗೆ ತಂದೆಯ ಬ್ಯಾಂಕ್ ಖಾತೆ, ಫೋನ್ ನಂಬರು. ವಾಟ್ಸಾಪಿನಲ್ಲಿ ಬಿಟ್ಟೆ. ಬೀದರಿನಿಂದ ಬೆಂಗಳೂರು, ಪುಣೆ, ದುಬೈಗೂ ಹೋಯಿತು. ಹನ್ನೊಂದು ದಿನದಲ್ಲಿ 1,87,000 ರೂಪಾಯಿ ಬಂತು. ಊರಲ್ಲಿ ನನಗೆ ಶಾಲು ಹೊದಿಸಿದರು. ನಾನೂ ಹೊದ್ದುಕೊಂಡೆ.

ದೀಪಾವಳಿಗೆ ಹುಡುಗಿ ಊರಿಗೆ ಬಂದಳು. ತಿರುಗಿ ಹೋಗುವುದಿಲ್ಲ ಎಂದು ಕುಳಿತಳು. ತಂದೆ ನನ್ನನ್ನು ಕರೆದ. ಹೋದರೆ ಆಕೆ ಮುಖ ಕೊಟ್ಟು ಮಾತಾಡಲಿಲ್ಲ. ಬಹಳ ಹೊತ್ತಿನ ಮೇಲೆ ಹೇಳಿದಳು: "ಕಾಕಾ, ಹಾಸ್ಟೆಲಿನ್ಯಾಗ ಎಲ್ಲಾರ ಫೋನಿನ್ಯಾಗ ನಮ್ಮ ಮನಿ ಫೋಟೋ ಅದ. ನಮ್ಮವ್ವನ ಜಡ್ಡು ಏನಂತ ನಾ ಯಾರಿಗೂ ಹೇಳಿದ್ದಿಲ್ಲ, ಅವರೇ ನನಗ ಕೇಳ್ತಾರ. ಗುರುತಿಲ್ಲದವರು ರಾತ್ರಿ ಫೋನ್ ಮಾಡ್ತಾರ. ನಿಮ್ಮ ಮಗಳ ಫೋಟೋ ಹೀಂಗ ಹಾಕ್ತಿದ್ರೇನು?"

ನನ್ನಲ್ಲಿ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ. ಮನವಿಯನ್ನು ವಾಪಸು ತೆಗೆಯಲು ಹೋದೆ. ಕಾಲುವೆಗೆ ಬಿಟ್ಟ ನೀರನ್ನು ಗೇಟು ಇಳಿಸಿ ನಿಲ್ಲಿಸಬಹುದು, ಫೋನಿಗೆ ಬಿಟ್ಟದ್ದನ್ನು ನಿಲ್ಲಿಸುವ ಗೇಟು ಇಲ್ಲ. ಮುಂದಿನ ವರ್ಷವೂ ಅದು ತಿರುಗುತ್ತಲೇ ಇತ್ತು.

ಶರಣ ಬಂಧುಗಳೇ, ಆ ರಾತ್ರಿ ನನಗೆ ನೆನಪಾದವರು ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರು. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದವರು. ಆ ಮಕ್ಕಳ ಊಟಕ್ಕಾಗಿ ಜೋಳಿಗೆ ಹಿಡಿದವರು ಯಾರು? ಮಕ್ಕಳೇ? ಅಲ್ಲ, ಪಟ್ಟದ್ದೇವರು. ಅದಕ್ಕೂ ಮೊದಲಿನ ಕಾಲದಲ್ಲಿ ಪಟ್ಟಣಕ್ಕೆ ಓದಲು ಹೋದ ಬಡ ಹುಡುಗ ವಾರಾನ್ನ ಉಣ್ಣುತ್ತಿದ್ದ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ದಿನಕ್ಕೊಂದು ಬಾಗಿಲಲ್ಲಿ ನಿಂತು ತನ್ನ ಬಡತನ ತೋರಿಸಬೇಕಿತ್ತು. ನಮ್ಮ ಮಠಗಳ ಉಚಿತ ಪ್ರಸಾದ ನಿಲಯಗಳು ಮಾಡಿದ ದೊಡ್ಡ ಕೆಲಸ ಅನ್ನ ಕೊಟ್ಟದ್ದಷ್ಟೇ ಎಂದು ನಾನು ತಿಳಿದಿದ್ದೆ. ಈಗ ಅನಿಸುತ್ತದೆ, ಅವು ಮಗುವನ್ನು ಬಾಗಿಲಿನಿಂದ ಬಿಡಿಸಿದವು. ಬೇಡುವ ಭಾರವನ್ನು ಸ್ವಾಮಿಗಳು ತಮ್ಮ ಹೆಗಲಿಗೆ ಹಾಕಿಕೊಂಡರು. ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮೀಜಿ ಜಾತಿ ಕೇಳದೆ ಸಾವಿರಾರು ಮಕ್ಕಳನ್ನು ಪಂಕ್ತಿಯಲ್ಲಿ ಕೂಡ್ರಿಸಿದರು. ಯಾವ ಕಾಳು ಯಾರ ಹೊಲದ್ದು ಎಂದು ಉಣ್ಣುವ ಮಗುವಿಗೆ ಗೊತ್ತಿರಲಿಲ್ಲ, ಯಾವ ಮಗು ಉಂಡಿತು ಎಂದು ಕೊಟ್ಟ ರೈತನಿಗೆ ಗೊತ್ತಿರಲಿಲ್ಲ.

ನಾನು ಮಾಡಿದ್ದೇನು? ಮಗುವನ್ನು ತಿರುಗಿ ವಾರಾನ್ನಕ್ಕೆ ನಿಲ್ಲಿಸಿದೆ. ಏಳು ಬಾಗಿಲ ಬದಲು ಏಳು ಸಾವಿರ ಬಾಗಿಲು.

ಹುಡುಗಿ ಕಾಲೇಜಿಗೆ ತಿರುಗಿ ಹೋದಳು. ನನ್ನ ಬುದ್ಧಿಮಾತಿನಿಂದ ಅಲ್ಲ, ತಾಯಿ ಮೂರು ದಿನ ಊಟ ಬಿಟ್ಟದ್ದರಿಂದ. ಹೋಗುವ ಮೊದಲು ಒಂದು ಪ್ರಶ್ನೆ ಕೇಳಿದಳು: "ಕಾಕಾ, ಬೇಕಾಗಿದ್ದು ಒಂದು ಲಕ್ಷ ಹನ್ನೆರಡು ಸಾವಿರ. ಮ್ಯಾಲಿನ ಎಪ್ಪತ್ತೈದು ಸಾವಿರ ಯಾರದು?" ತಂದೆಗೆ ಅದರಿಂದ ಸಾಲ ತೀರಿಸುವ ಆಸೆ. ತಪ್ಪಲ್ಲ, ಬಡವನ ಆಸೆ. ಆಕೆ ಒಪ್ಪಲಿಲ್ಲ, ಓದಿಗೆ ಅಂತ ಕೇಳಿದ್ದು ಓದಿಗೇ ಎಂದಳು.

ಆಯ್ದಕ್ಕಿ ಮಾರಯ್ಯ-ಲಕ್ಕಮ್ಮನವರ ಕಥೆ ಇಲ್ಲಿ ಯಾರಿಗೆ ಗೊತ್ತಿಲ್ಲ? ಮಹಾಮನೆಯ ಅಂಗಳದಿಂದ ಮಾರಯ್ಯ ದಿನಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ. ಲಕ್ಕಮ್ಮ ಹೆಚ್ಚಿನದನ್ನು ಅಲ್ಲೇ ಚೆಲ್ಲಿ ಬಾ ಎಂದು ತಿರುಗಿ ಕಳಿಸಿದಳು. ಈ ಕಥೆಯನ್ನು ನಾನು ಎಷ್ಟು ವೇದಿಕೆಯಲ್ಲಿ ಕೇಳಿ ಚಪ್ಪಾಳೆ ಹೊಡೆದಿದ್ದೆನೋ. ಅದನ್ನು ಬದುಕಿ ತೋರಿಸಿದ್ದು ಹದಿನೆಂಟು ವರ್ಷದ ಹುಡುಗಿ. ಕೊಟ್ಟವರಿಗೆಲ್ಲ ಬರೆದೆವು. ಕೆಲವರು ಹಣ ವಾಪಸು ತೆಗೆದುಕೊಂಡರು. ಹೆಚ್ಚಿನವರು ಇನ್ನೊಂದು ಮಗುವಿಗೆ ಬಳಸಿ ಎಂದರು. ನಮ್ಮ ಕೆಲಸ ನಿಜವಾಗಿ ಶುರುವಾದದ್ದು ಆ ಹಣದಿಂದ.

ಈಗ ನಾವು ಐದು ಮಂದಿ. ಒಬ್ಬ ನಿವೃತ್ತ ಹೆಡ್‌ಮಾಸ್ತರರು, ಒಬ್ಬ ಅಂಗನವಾಡಿ ಕಾರ್ಯಕರ್ತೆ, ಲೆಕ್ಕ ಬಲ್ಲ ಒಬ್ಬ ವ್ಯಾಪಾರಿ, ಕಂಪ್ಯೂಟರ್ ಬಲ್ಲ ಒಬ್ಬ ಹುಡುಗ, ನಾನು. ಹೇಗೆ ಮಾಡುತ್ತೇವೆ ಎಂಬುದನ್ನು ಹೇಳುತ್ತೇನೆ, ನಿಮ್ಮೂರಲ್ಲೂ ಮಾಡಬಹುದು.

ಮೊದಲನೆಯದು, ಬೇಡುವ ಮೊದಲು ಹಕ್ಕಿನದನ್ನು ಪಡೆಯಬೇಕು. ಆ ಹುಡುಗಿಯ ವಿಷಯದಲ್ಲಿ ಇದನ್ನೂ ನಾನು ಮಾಡಿರಲಿಲ್ಲ. ತಾಂತ್ರಿಕ ಶಿಕ್ಷಣದ ಹೆಣ್ಣುಮಕ್ಕಳಿಗೆ ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನ ಇದೆ, ವರ್ಷಕ್ಕೆ 50,000 ರೂಪಾಯಿ. ಕುಟುಂಬದ ವರಮಾನ 8 ಲಕ್ಷ ಮೀರಿರಬಾರದು. ಅರ್ಜಿ ಹಾಕಿ ಅದು ಮಂಜೂರಾಗಿದ್ದರೆ ನಾವು ಹುಡುಕಬೇಕಾದದ್ದು 62,000 ಮಾತ್ರ. ರಾಜ್ಯದ ಎಸ್‌ಎಸ್‌ಪಿ ತಾಣದಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ, ವಿದ್ಯಾಸಿರಿ ಇವೆ. 10 ಮತ್ತು 12ನೇ ತರಗತಿಯನ್ನು ಸರಕಾರಿ ಸಂಸ್ಥೆಯಲ್ಲಿ ಓದಿ ಪದವಿಗೆ ಸೇರುವ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ 2025ರಿಂದ ನಮ್ಮ ರಾಜ್ಯದಲ್ಲಿ ವರ್ಷಕ್ಕೆ 30,000 ಕೊಡುತ್ತಿದೆ, ಅದನ್ನು ದೀಪಿಕಾ ಎನ್ನುತ್ತಾರೆ. ಎಸ್ಸೆಸ್ಸೆಲ್ಸಿ ಮುಗಿಸಿದ ಬಡ ಪ್ರತಿಭಾವಂತರಿಗೆ ವಿದ್ಯಾಧನ್ ಇದೆ. ವೃತ್ತಿಶಿಕ್ಷಣಕ್ಕೆ ನೆರವಾಗುವ ಫೌಂಡೇಶನ್ ಫಾರ್ ಎಕ್ಸಲೆನ್ಸ್ 1994ರಿಂದ ಇದೆ. ಧಾರವಾಡದ ವಿದ್ಯಾಪೋಷಕ ಸಂಸ್ಥೆ 2001ರಿಂದ ದಾನಿಗೂ ವಿದ್ಯಾರ್ಥಿಗೂ ನಡುವೆ ನಿಂತು ಇದೇ ಕೆಲಸ ಮಾಡುತ್ತಿದೆ. ಇವೆಲ್ಲ ಆನ್‌ಲೈನ್ ಅರ್ಜಿ ಪರಿಶೀಲಿಸಿ ಆಯ್ಕೆ ಮಾಡುವಂಥವು. ಇಲ್ಲಿ ಸೋರುವ ತಗಡಿನ ಫೋಟೋ ಜಗತ್ತಿಗೆ ತೋರಿಸಬೇಕಿಲ್ಲ.

ಮಕ್ಕಳು ಇವನ್ನು ಕಳೆದುಕೊಳ್ಳುವುದು ಅಂಕ ಕಡಿಮೆಯಾಗಿ ಅಲ್ಲ. ಆಧಾರಿನಲ್ಲಿ ಒಂದು ಸ್ಪೆಲಿಂಗು, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರುವುದಿಲ್ಲ. ಜಾತಿ-ಆದಾಯ ಪ್ರಮಾಣಪತ್ರ ತೆಗೆಸುವುದರೊಳಗೆ ಕೊನೆಯ ದಿನಾಂಕ ಮುಗಿದಿರುತ್ತದೆ. ಮೇಲೆ ಎಷ್ಟೇ ನೀರು ಬಿಟ್ಟರೂ ನಡುವೆ ಹೂಳು ತುಂಬಿದ್ದರೆ ಕಾಲುವೆಯ ತುದಿಯ ಹೊಲ ಒಣಗುತ್ತದೆ. ನಮ್ಮ ಹಳ್ಳಿಗಳು ತುದಿಯ ಹೊಲಗಳು. ಹೂಳು ತೆಗೆಯುವ ಈ ಕೆಲಸಕ್ಕೆ ದುಡ್ಡು ಬೇಡ, ಪಿಯುಸಿ ಫಲಿತಾಂಶಕ್ಕೆ ಮೊದಲೇ ಒಂದು ಭಾನುವಾರ ಬೇಕು.

ಎರಡನೆಯದು, ಇಷ್ಟಾದ ಮೇಲೂ ಉಳಿದ ಕೊರತೆಗೆ ಮಾತ್ರ ದಾನಿಯನ್ನು ಹುಡುಕುತ್ತೇವೆ. ಮನವಿಯಲ್ಲಿ ಮಗುವಿನ ಹೆಸರು, ಫೋಟೋ, ಊರು ಇರುವುದಿಲ್ಲ. ಒಂದು ಸಂಖ್ಯೆ, ಕೋರ್ಸು, ಅಂಕ, ಖರ್ಚಿನ ಎಸ್ಟಿಮೇಟು, ಬೇಕಾದ ಮೊತ್ತ ಇಷ್ಟೇ. ಮನೆಗೆ ಹೋಗಿ ನೋಡಿ ಬರುವವರು ನಾವು. ಸತ್ಯ ಎಂದು ಸಹಿ ಹಾಕುವವರು ನಾವು, ಮಠದ ಹೆಸರು ಅದರ ಹಿಂದೆ ಇರುತ್ತದೆ. ದಾನಿ ನಂಬುವುದು ನಮ್ಮನ್ನು, ಸುಳ್ಳಾದರೆ ಬಯ್ಯುವುದೂ ನಮ್ಮನ್ನು. ಜೋಳಿಗೆ ನಮ್ಮ ಹೆಗಲ ಮೇಲೆ. ಮೊತ್ತ ತುಂಬಿದ ದಿನವೇ ಮನವಿ ಮುಚ್ಚುತ್ತೇವೆ.

ಮೂರನೆಯದು ಲೆಕ್ಕ. ನಮ್ಮ ಇಲಾಖೆಯಲ್ಲಿ ಎಂ.ಬಿ.ಯಲ್ಲಿ ಅಳತೆ ಬರೆಯದೆ ಬಿಲ್ಲು ಪಾಸಾಗುವುದಿಲ್ಲ. ಇಲ್ಲೂ ಹಾಗೆಯೇ. ದಾನಿಯ ಹಣ ನೇರ ಕಾಲೇಜಿನ, ಹಾಸ್ಟೆಲಿನ ಖಾತೆಗೆ ಹೋಗುತ್ತದೆ, ನಮ್ಮ ಕೈಗೆ ನಗದು ಬರುವುದಿಲ್ಲ. ಪ್ರತಿ ಸೆಮಿಸ್ಟರಿಗೆ ರಸೀದಿ ಮತ್ತು ಅಂಕಪಟ್ಟಿಯ ಪ್ರತಿಯನ್ನು ಹೆಸರು ಮುಚ್ಚಿ ದಾನಿಗೆ ಕಳಿಸುತ್ತೇವೆ. ನಾಲ್ಕು ವರ್ಷದಲ್ಲಿ 23 ಮಕ್ಕಳು. ಇಬ್ಬರು ನಡುವೆ ಓದು ಬಿಟ್ಟರು. ಅದನ್ನೂ ಬಚ್ಚಿಡದೆ ಬರೆದೆವು. ಒಬ್ಬ ದಾನಿ ಸಿಟ್ಟಾಗಿ ದೂರವಾದರು, ಇನ್ನೊಬ್ಬರು ಅದೇ ವಾರ ಬೇರೆ ಮಗುವಿಗೆ ಕಟ್ಟಿದರು.

ವಿದೇಶದಲ್ಲಿರುವ ನಮ್ಮವರ ಬಗ್ಗೆ ಒಂದು ಎಚ್ಚರಿಕೆ. ಭಾರತದ ಪೌರತ್ವ ಉಳಿಸಿಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅಡ್ಡಿಯಿಲ್ಲ. ಬೇರೆ ದೇಶದ ಪೌರತ್ವ ಪಡೆದವರ ಹಣ ಕಾನೂನಿನಲ್ಲಿ ವಿದೇಶಿ ದೇಣಿಗೆಯಾಗುತ್ತದೆ. ಎಫ್‌ಸಿಆರ್‌ಎ ನೋಂದಣಿ ಇಲ್ಲದ ಟ್ರಸ್ಟು, ಸಂಘ ಅದನ್ನು ಮುಟ್ಟಬಾರದು.

ಮಕ್ಕಳೇ, ನಿಮಗೂ ಒಂದು ಮಾತು. ವಿದ್ಯಾರ್ಥಿವೇತನ ಕೊಡುತ್ತೇವೆ, ಮೊದಲು ನೋಂದಣಿಗೆ 500 ಕಟ್ಟಿ ಎನ್ನುವವರು ಕಳ್ಳರು. ಓಟಿಪಿ ಕೇಳುವವರೂ ಕಳ್ಳರು. ಫೀ ಕಟ್ಟುತ್ತೇನೆ, ಹುಡುಗಿಯೊಂದಿಗೆ ವಿಡಿಯೋದಲ್ಲಿ ಮಾತಾಡಿಸಿ ಎಂದು ಹಟ ಹಿಡಿಯುವ ದಾನಿಗೆ ನಾವು ಕೈ ಮುಗಿದು ಹಣ ಬೇಡ ಎನ್ನುತ್ತೇವೆ. ನೀವೂ ಹಾಗೆಯೇ ಅನ್ನಿ.

ಇನ್ನು ನನ್ನ ವಯಸ್ಸಿನವರಿಗೆ, ಬೇಸರ ಮಾಡಿಕೊಳ್ಳಬೇಡಿ. ಕೆಲವರು ಫೋನು ಮಾಡಿ, "ಸಾಹೇಬರೇ, ಹುಡುಗ ಯಾವ ಒಳಪಂಗಡ?" ಎಂದು ಕೇಳುತ್ತಾರೆ. ಜಾತಿ ಬಿಡಿಸಲು ಬಂದ ಧರ್ಮದಲ್ಲಿ ಒಳಜಾತಿ ನೋಡಿ ಫೀ ಕಟ್ಟುವುದೆಂದರೆ ಏನು? ನಮ್ಮ ಪಟ್ಟಿಯಲ್ಲಿ ಆ ಕಲಮೇ ಇಲ್ಲ. 23 ಮಕ್ಕಳಲ್ಲಿ ಲಿಂಗಾಯತರಲ್ಲದವರೂ ಇದ್ದಾರೆ. ಇನ್ನು ಕೆಲವರಿಗೆ ವೇದಿಕೆ ಮೇಲೆ ಚೆಕ್ ಕೊಡುವ ಫೋಟೋ ಬೇಕು. ದೊಡ್ಡ ಚೆಕ್ಕಿನ ಹಿಂದೆ ಮಗುವಿನ ಮುಖ ಎಷ್ಟು ಸಣ್ಣದಾಗಿರುತ್ತದೆ, ಒಮ್ಮೆ ಆ ಫೋಟೋಗಳನ್ನು ತೆಗೆದು ನೋಡಿ. 'ನಾನು ಕೊಟ್ಟೆ' ಎಂಬುದು ಉಳಿದರೆ ಅದು ದಾನ, ಅದು ಕರಗಿದರೆ ದಾಸೋಹ. ಸಿರಸಂಗಿ ಲಿಂಗರಾಜರು 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ತಮ್ಮ ಸಂಸ್ಥಾನದ ಆಸ್ತಿಯನ್ನೇ ಸಮಾಜದ ಮಕ್ಕಳ ವಿದ್ಯೆಗೆ ಬರೆದಿಟ್ಟರು. ಅದರಿಂದ ಓದಿದವರ ಮುಖವನ್ನು ಅವರು ನೋಡಲೇ ಇಲ್ಲ.

ಆ ಹುಡುಗಿ ಓದು ಮುಗಿಸಿದಳು, ಈಗ ನೌಕರಿಯಲ್ಲಿದ್ದಾಳೆ. ಹೆಸರು, ಊರು ಹೇಳದಿದ್ದರೆ ನನ್ನ ಕಥೆ ಹೇಳಿ ಎಂದು ಅನುಮತಿ ಕೊಟ್ಟಿದ್ದಾಳೆ. ಮೊದಲ ಸಂಬಳ ಬಂದ ತಿಂಗಳು ಒಂದು ಮಗುವಿನ ಪರೀಕ್ಷಾ ಶುಲ್ಕ ಕಟ್ಟಿದಳು. ಯಾವ ಮಗು ಎಂದು ಕೇಳಲಿಲ್ಲ. ಆದರೆ ನನ್ನನ್ನು ಪೂರ್ತಿ ಕ್ಷಮಿಸಿದ್ದಾಳೆ ಎಂದು ನಾನು ಹೇಳಲಾರೆ, ಅದನ್ನು ಹೇಳಬೇಕಾದವಳು ಅವಳು.

ಪ್ರತಿ ಭಾನುವಾರ ಬೆಳಗ್ಗೆ ಹತ್ತರಿಂದ ಒಂದರವರೆಗೆ ಮಠದ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತಿರುತ್ತೇವೆ. ಆಧಾರು, ಮಾರ್ಕ್ಸ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು, ಜಾತಿ-ಆದಾಯ ಪ್ರಮಾಣಪತ್ರ, 371(ಜೆ) ಪ್ರಮಾಣಪತ್ರ ತೆಗೆದುಕೊಂಡು ಬನ್ನಿ. ಮನೆಯ ಫೋಟೋ ತರಬೇಡಿ.